ಶಾಸನಸಭಿಕರ ಸ್ವತ್ತಿನ ಪರೀಕ್ಷೆ

ಕರ್ನಾಟಕ ಲೋಕಾಯುಕ್ತ ಕಾಯಿದೆಯು ೧೯೮೪ರಲ್ಲಿ ರಚಿತವಾಗಿ ೧೯೮೬ನೆಯ ಇಸವಿ ಜನವರಿಯಲ್ಲಿ ಜಾರಿಗೆ ಬಂದಿತು. ಅದರ ೨೨ನೆಯ ಕಲಮಿನಲ್ಲಿ ಒಂದು ವಿಧಿಯುಂಟು. ವಿಧಾನಸಭೆ ಮತ್ತು ವಿಧಾನಪರಿಷತ್ತುಗಳ ಸದಸ್ಯರು, ಮಂತ್ರಿಗಳೂ ಸೇರಿದಂತೆ, ಪ್ರತಿವರ್ಷವೂ ಜೂನ್ ೩೦ನೆಯ ತಾರೀಖಿಗೆ ಮುಂಚೆ ತಮ್ಮ ಮತ್ತು ತಮ್ಮ ಕುಟುಂಬದವರ ಆಸ್ತಿಪಾಸ್ತಿಗಳನ್ನೂ ಸಾಲಸೋಲಗಳನ್ನೂ ನಮೂದಿಸಿದ ಪಟ್ಟಿಯೊಂದನ್ನು ಲೋಕಾಯುಕ್ತರಿಗೆ ಒಪ್ಪಿಸತಕ್ಕದ್ದು. ಕುಟುಂಬವೆಂದರೆ ಪತಿ ಅಥವಾ ಪತ್ನಿ, ಹಾಗೂ ಅವಲಂಬಿಗಳಾದ ಮಕ್ಕಳು ಮತ್ತು ತಂದೆತಾಯಿಗಳು. ಒಪ್ಪಿಸದೆ ಹೋದರೆ ಲೋಕಾಯುಕ್ತರು ಸಂಬಂಧಪಟ್ಟ ಅಧಿಕಾರಸ್ಥಾನಕ್ಕೆ ವರದಿಮಾಡುವರು. ಆಮೇಲೆ ಎರಡು ತಿಂಗಳು ಕಾದರೂ ಪಟ್ಟಿ ಬಾರದಿದ್ದಲ್ಲಿ ಆ ಸದಸ್ಯರ ಹೆಸರನ್ನು ನಾಡಿನಲ್ಲಿ ಹೆಚ್ಚು ಪ್ರಚಾರವುಳ್ಳ ಮೂರು ವೃತ್ತಪತ್ರಿಕೆಗಳಲ್ಲಿ ಪ್ರಕಟಪಡಿಸುವರು. ಈ ಕಲಮು ವಿಧಿಸುವ ದಂಡ ಇಷ್ಟೆ. ಹೆಸರು ಪತ್ರಿಕೆಯಲ್ಲಿ ಬರಲೆಂದು ದಿನವೂ ಹಂಬಲಿಸುವ ಜನಕ್ಕೆ ಇದೆಷ್ಟರ ಶಿಕ್ಷೆಯೋ ವಾಚಕರೇ ಊಹಿಸಬಹುದು.

ಆದರೆ ಈ ಲೇಖನದಲ್ಲಿ ನಾನು ವಿಚಾರಿಸಹೊರಟಿರುವುದು ಪಟ್ಟಿಯನ್ನು ಕೊಡದವರ ಮಾತನ್ನಲ್ಲ; ಕೊಟ್ಟವರ ಪಟ್ಟಿ ಏನಾಗುತ್ತದೆಂಬುದನ್ನು. ಒಬ್ಬ ಸಭಾಸದನಿಗೆ ಇಷ್ಟು ಎಕರೆ ಜಮೀನು, ಇಷ್ಟು ತೊಲ ಬಂಗಾರ, ಇಂತಹ ಕಂಪೆನಿಯಲ್ಲಿ ಇಷ್ಟು ಪಾಲು ಇದೆಯೆಂದು ತಿಳಿದುದರಿಂದ ಆತನ ಐಶ್ವರ್ಯದ ಪ್ರಮಾಣವೇನೋ ಗೊತ್ತಾಯಿತು. ಆತನು ಸಭೆಯಲ್ಲಿ ಎದ್ದುನಿಂತು ಮಾತನಾಡಿದ್ದು, ಪ್ರಶ್ನೆ ಕೇಳಿದ್ದು, ಕೈಯೆತ್ತಿದ್ದು ಆ ಐಶ್ವರ್ಯದ ಪೋಷಣೆಗೋ, ತನ್ನನ್ನು ಆರಿಸಿ ಕಳುಹಿಸಿದವರ ಹಿತಕ್ಕೋ ಎಂಬುದು ಗೊತ್ತಾಗಬೇಕಾದರೆ ಪಟ್ಟಿಯನ್ನು ಸಭೆಯ ನಡವಳಿಕೆಗಳ ಪಕ್ಕದಲ್ಲಿಟ್ಟು ಓದುವವರು ಬೇಕು. ಉತ್ತರಪತ್ರಿಕೆಗಳನ್ನು ಎಣಿಸಿ, ಕಟ್ಟಿ, ಅರಗಿನ ಮೊಹರು ಹಾಕಿ ಕಪಾಟಿನಲ್ಲಿಟ್ಟರೆ ಪರೀಕ್ಷೆ ಮುಗಿಯಿತೆಂದು ಯಾವ ಉಪಾಧ್ಯಾಯನೂ ಹೇಳಲಾರನು. ನಮ್ಮ ದೇಶದಲ್ಲಿ ಈ ಪಟ್ಟಿಯ ಪದ್ಧತಿ ಹೇಗೆ ಬೆಳೆಯಿತು, ಪರೀಕ್ಷೆಯ ಪದ್ಧತಿ ಎಲ್ಲಿ ನಿಂತುಹೋಯಿತು ಎಂಬುದರ ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದ ನೋಡೋಣ.

ಇದೆಲ್ಲ ಪಾಶ್ಚಾತ್ಯರಿಂದ ಕಲಿತ ಪಾಠವೆಂಬ ಭಾವನೆ ಅನೇಕರಲ್ಲಿದೆ. ಕಾಂಚೀಪುರದ ಸಮೀಪದಲ್ಲಿರುವ ಉತ್ತರಮೇರೂರಿನ ದೇವಾಲಯದ ಗೋಡೆಯ ಮೇಲೆ ಚೋಳರಾಜನಾದ ಮೊದಲನೆಯ ಪರಾಂತಕನ ೧೨ ಮತ್ತು ೧೪ನೆಯ ಆಳ್ವಿಕೆಯ ವರ್ಷಗಳ, ಎಂದರೆ ಕ್ರಿ.ಶ. ೯೧೯ ಮತ್ತು ೯೨೧ರ, ಎರಡು ಶಾಸನಗಳಿವೆ. ಊರನ್ನು ೩೦ ಕೇರಿಗಳಾಗಿ ವಿಂಗಡಿಸಿ, ಅರ್ಹರ ಹೆಸರುಗಳನ್ನು ಓಲೆಗಳಲ್ಲಿ ಬರೆದು ಕೊಡದಲ್ಲಿ ಹಾಕಿ, ಏನೂ ಅರಿಯದ ಬಾಲಕನೊಬ್ಬನ ಕೈಯಿಂದ ಎತ್ತಿಸಿ, ಕೆರೆ ತೋಟ ಮುಂತಾದವುಗಳ ವಾರಿಯಗಳಿಗೆ ಸಭ್ಯರನ್ನು ಆರಿಸುತ್ತಿದ್ದ ಕ್ರಮವನ್ನು ಅವು ವಿವರಿಸುತ್ತವೆ. ಈ ಶಾಸನಗಳ ಕೀರ್ತಿಯೆಲ್ಲ ಆ ಕೊಡದ ಓಲೆಗೆ ಸಂದಿದೆ. ನಮ್ಮ ಪ್ರಕೃತಕ್ಕೆ ಬೇಕಾದುದು ಬೇರೊಂದು ಭಾಗ. ಅಭ್ಯರ್ಥಿಯಾಗತಕ್ಕವನಿಗೆ ಕಂದಾಯ ಸಲ್ಲಿಸುವ ಕಾಲು ವೇಲಿಗಿಂತ ಹೆಚ್ಚಿನ ಜಮೀನಿರಬೇಕು, ಸ್ವಂತ ನಿವೇಶನದಲ್ಲಿ ಮನೆಯಿರಬೇಕು, ಅರ್ಥಶೌಚವೂ ಆತ್ಮಶೌಚವೂ ಇರಬೇಕು. ಇನ್ನು ಅನರ್ಹರು ಯಾರು? ಹಿಂದೆ ಯಾವುದಾದರೊಂದು ವಾರಿಯದಲ್ಲಿದ್ದು ಲೆಕ್ಕವನ್ನು ಒಪ್ಪಿಸದೆ ಹೋದವನು. ಅವನೊಬ್ಬನೇ ಅಲ್ಲ, ಅವನ ಚಿಕ್ಕಮ್ಮ ದೊಡ್ಡಮ್ಮಂದಿರ ಮಕ್ಕಳು, ಸೋದರತ್ತೆಯ ಮಕ್ಕಳು, ಸೋದರಮಾವನೂ ಅವನ ಮಕ್ಕಳೂ, ತಂದೆಯ ಒಡಹುಟ್ಟಿದವನು, ತನ್ನ ಒಡಹುಟ್ಟಿದವರು, ಮಾವ, ಹೆಂಡತಿಯ ಸೋದರ, ಅಕ್ಕತಂಗಿಯರ ಗಂಡಂದಿರು ಮತ್ತು ಮಕ್ಕಳು, ಅಳಿಯ, ತಂದೆ, ಮಗ. ಇವರೆಲ್ಲರ ಓಲೆಯೂ ಕೊಡಕ್ಕೆ ಬೀಳುವಂತಿಲ್ಲ.

ಆ ಸಭೆಯು ಬ್ರಾಹ್ಮಣರ ಅಗ್ರಹಾರದ್ದು, ಉಳಿದ ಜನಕ್ಕೆ ಅಲ್ಲಿ ಸ್ಥಾನವಿರಲಿಲ್ಲ. ಆದುದರಿಂದ ಅದನ್ನು ಇಂದಿನ ಪ್ರಜಾಪ್ರಭುತ್ವದ ಮಾತೃಸ್ಥಾನವೆಂದು ಹೊಗಳುವ ಉತ್ಸಾಹ ನನಗಿಲ್ಲ. ಆದರೂ ಅರ್ಥಶೌಚವೆಂಬ ಪದವನ್ನು ಸಭ್ಯನ ಅರ್ಹತೆಯಾಗಿ ಕಲ್ಲಿನಲ್ಲಿ ಕೊರೆಯಿಸಿದವರು, ದುಡ್ಡು ಮನುಷ್ಯನ ಕೈಯಿಂದ ಯಾವ ಯಾವ ದಾರಿಯಾಗಿ ಹರಿದುಹೋಗುತ್ತದೆಂಬುದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಶೌಚಗಳೆಲ್ಲದರಲ್ಲಿ ಅರ್ಥಶೌಚವೇ ಮೇಲಾದುದೆಂದು ಮನುವೂ ಹೇಳಿರುವನಷ್ಟೆ.

ಕೌಟಿಲ್ಯನಿಗೆ ಸಭೆಯ ಯೋಚನೆಯಿಲ್ಲ, ರಾಜನ ಅಧಿಕಾರಿಗಳ ಯೋಚನೆಯಿದೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಪಂಡಿತ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಪಡಿಸಿದ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಉಪಯುಕ್ತಪರೀಕ್ಷೆಯೆಂಬ ಪ್ರಕರಣವೊಂದಿದೆ. ಅಲ್ಲಿ ಅಧಿಕಾರಿಗಳಲ್ಲಿ ಮೂರು ವಿಧದವರ ವಿಚಾರ ಬರುತ್ತದೆ: ಪಿತ್ರಾರ್ಜಿತವನ್ನು ನುಂಗುವ ಮೂಲಹರ, ಬಂದುದನ್ನು ಬಂದಹಾಗೆ ತಿಂದುಹಾಕುವ ತಾದಾತ್ವಿಕ, ತನ್ನವರನ್ನೂ ತನ್ನನ್ನೂ ಹಿಂಸಿಸಿ ಕೂಡಿಡುವ ಕದರ್ಯ. ಈ ಮೂರನೆಯವನು ದೊಡ್ಡ ಆದಾಯದ ಸ್ಥಾನದಲ್ಲಿದ್ದರೆ ದ್ರವ್ಯವನ್ನು ಮೂರು ಕಡೆ ಇಡುತ್ತಾನಂತೆ. ತನ್ನ ಮನೆಯಲ್ಲಿ, ಊರವರ ನಾಡವರ ಬಳಿಯಲ್ಲಿ, ಇಲ್ಲವೆ ಪರರಾಜ್ಯದಲ್ಲಿ. ಅವನ ಮಂತ್ರಾಲೋಚನೆ ಯಾರೊಡನೆ, ಮಿತ್ರರು ಬಂಧುಗಳು ಭೃತ್ಯರು ಯಾರು, ಸಾಮಾನುಗಳು ಎಲ್ಲಿಂದ ಬರುತ್ತವೆ, ಎಲ್ಲಿಗೆ ಹೋಗುತ್ತವೆ ಎಂಬುದನ್ನು ಗೂಢಚಾರನು ಅರಿಯತಕ್ಕದ್ದು. ಅಧಿಕಾರಿಯು ತಾನೇ ಬರೆದುಕೊಟ್ಟ ಪಟ್ಟಿಯೊಂದರಿಂದಲೇ ಕೌಟಿಲ್ಯನು ತೃಪ್ತನಾಗುತ್ತಿರಲಿಲ್ಲವೆಂಬುದು ಸ್ಪಷ್ಟ.

ಈಗ ನಮ್ಮ ಶಾಸನಸಭೆಗಳ ಸಾಕ್ಷಾತ್ ಮೂಲವಾದ ಇಂಗ್ಲೆಂಡಿನ ಕಡೆ ತಿರುಗೋಣ. ಅಲ್ಲಿ ಆಸ್ತಿಯ ವಿಚಾರ ಮೊದಲು ಬಂದದ್ದು ಈಗಿನದಕ್ಕೆ ತೀರ ವಿರುದ್ಧವಾದ ರೀತಿಯಲ್ಲಿ. ೧೭೧೦ರ ಒಂದು ಕಾಯಿದೆಯ ಮೇರೆಗೆ ಕೌಂಟಿಯಿಂದ ಆರಿಸಿ ಬರುವ ಪಾರ್ಲಿಮೆಂಟಿನ ಸದಸ್ಯನಿಗೆ ಭೂಮಿಯಿಂದ ವರ್ಷಕ್ಕೆ ೬೦೦ ಪೌಂಡು, ಪಟ್ಟಣದಿಂದ ಬರುವವನಿಗೆ ೩೦೦ ಪೌಂಡು ಉತ್ಪತ್ತಿಯಿರಬೇಕಾಗಿತ್ತು. ತನ್ನಲ್ಲಿ ಸಾಕಷ್ಟು ಇದೆಯೆಂದು ಸದಸ್ಯನು ರುಜುವಾತುಪಡಿಸಬೇಕು! ಉಳ್ಳವನು ಲಂಚಕ್ಕೆ ಕೈಯೊಡ್ಡಲಾರನೆಂಬ ನಂಬಿಕೆ ಅದರ ಹಿಂದಿತ್ತು. ೧೮೫೮ರಲ್ಲಿ ಆ ನಿಬಂಧನೆ ರದ್ದಾಯಿತು. ನಮ್ಮ ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲುರವರ ಕಾಲದಲ್ಲಿ, ೧೮೮೧ನೆಯ ಅಕ್ಟೋಬರ್ ೭ರಂದು, ಪ್ರಜಾಪ್ರತಿನಿಧಿ ಸಭೆಯು ಮೊದಲ ಸಲ ೧೪೪ ಮಂದಿಯಿಂದ ಕೂಡಿದಾಗಲೂ ಕರೆ ಹೋದದ್ದು ಜಮೀನುದಾರರಾದ ರೈತರಿಗೆ, ಮುಖ್ಯರಾದ ವರ್ತಕರಿಗೆ. ಅಂದು ಆಸ್ತಿಯು ಸಭೆಯೊಳಕ್ಕೆ ಹೋಗುವ ರಹದಾರಿಯಾಗಿತ್ತು. ನೂರು ವರ್ಷಗಳ ಮೇಲೆ ಅದೇ ಆಸ್ತಿಯು ಸಂಶಯದ ವಸ್ತುವಾಗಿ ಪಟ್ಟಿಗೆ ಏರಿತು. ಉಳ್ಳವನೇ ಇನ್ನಷ್ಟಕ್ಕೆ ಆಶೆಪಡಬಲ್ಲನೆಂಬ ಅನುಭವ ನಡುವೆ ಜನಕ್ಕೆ ಬಂದಿದ್ದಿತು.

ಇಂಗ್ಲೆಂಡಿನಿಂದ ನಮಗೆ ಬಂದ ನಿಜವಾದ ಸೂತ್ರಗಳು ಬೇರೆ ಎರಡು. ಒಂದು, ೧೭೮೨ರ ಕಾಯಿದೆ. ಸರಕಾರದೊಡನೆ ಗುತ್ತಿಗೆಯಿಟ್ಟುಕೊಂಡವನು ಪಾರ್ಲಿಮೆಂಟಿನಲ್ಲಿ ಕುಳಿತುಕೊಳ್ಳಕೂಡದೆಂಬುದು. ಎರಡನೆಯದು, ೧೮೧೧ನೆಯ ಜುಲೈ ತಿಂಗಳಲ್ಲಿ ಸ್ಪೀಕರ್ ಆಬಟ್ ಎಂಬವರು ಕೊಟ್ಟ ತೀರ್ಮಾನ. ಚಿನ್ನದ ನಾಣ್ಯಕ್ಕೆ ಸಂಬಂಧಿಸಿದ ಮಸೂದೆಯೊಂದರಲ್ಲಿ ಬ್ಯಾಂಕಿನ ಡೈರೆಕ್ಟರುಗಳಾದ ಸದಸ್ಯರು ಮತಕೊಟ್ಟದ್ದು ಸರಿಯೆ ಎಂಬ ಪ್ರಶ್ನೆ ಎದ್ದಿತು. ಸದಸ್ಯನ ಮತವು ಅಸಿಂಧುವಾಗಬೇಕಾದರೆ ಅವನ ಲಾಭವು ನೇರವಾದುದಾಗಿರಬೇಕು, ಹಣದ ರೂಪದ್ದಾಗಿರಬೇಕು, ಸರ್ವಪ್ರಜೆಗಳಿಗೂ ಸಾಮಾನ್ಯವಾಗಿರದೆ ಅವನಿಗೇ ಪ್ರತ್ಯೇಕವಾದುದಾಗಿರಬೇಕು ಎಂದು ಆಬಟ್ಟರು ನಿರ್ಣಯಿಸಿದರು.

ಈ ಸಾಮಾನ್ಯ ವಿಶೇಷಗಳ ವಿವೇಚನೆ ಮುಖ್ಯವಾದುದರಿಂದ ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಕಂದಾಯದ ಮಸೂದೆಗೆ ಮತಕೊಡುವ ಶಾಸಕನಿಗೆ ಹತ್ತೆಕರೆ ಹೊಲವಿದ್ದರೆ ಅವನ ಲಾಭನಷ್ಟ ಊರಿನವರೆಲ್ಲರ ಲಾಭನಷ್ಟದೊಡನೆ ಬೆರೆತಿದೆ, ಅವನನ್ನು ಆಕ್ಷೇಪಿಸುವಂತಿಲ್ಲ. ಕಬ್ಬಿನ ಬೆಲೆಯನ್ನು ಗೊತ್ತುಮಾಡುವ ಚರ್ಚೆಯಲ್ಲಿ ಸಕ್ಕರೆ ಕಾರ್ಖಾನೆಯ ಒಡೆಯನಾದ ಶಾಸಕನು ಮಾತನಾಡಿದರೆ, ಖಾಸಗಿ ಕಾಲೇಜುಗಳ ಶುಲ್ಕದ ವಿಚಾರದಲ್ಲಿ ಕಾಲೇಜುಗಳನ್ನು ನಡೆಸುವ ಶಾಸಕನು ತಿದ್ದುಪಡಿ ಸೂಚಿಸಿದರೆ, ಅವನ ಲಾಭ ಅವನದೇ. ಸ್ವಾರ್ಥವಿದ್ದಲ್ಲೆಲ್ಲ ಕರ್ತವ್ಯ ಕೆಡುತ್ತದೆಂದೂ ಹೇಳಲಾಗದು. ೧೯೭೪ನೆಯ ಮಾರ್ಚ್ ೧ರಿಂದ ಜಾರಿಗೆ ಬಂದ ನಮ್ಮ ಭೂಸುಧಾರಣೆಯ ತಿದ್ದುಪಡಿಯನ್ನು ಅಂಗೀಕರಿಸಿದ ಸಭೆಯಲ್ಲಿ ಭೂಮಾಲಿಕರಾದ ಶಾಸಕರಿದ್ದರು. ಗೇಣಿಯ ಪದ್ಧತಿಯನ್ನೇ ಕೊನೆಗಾಣಿಸುವ ಆ ಕಾಯಿದೆಯು ಅವರಿದ್ದ ಸಭೆಯಲ್ಲಿಯೇ ಅಂಗೀಕೃತವಾಯಿತು. ಸ್ವಾರ್ಥವು ಎಲ್ಲಿದೆಯೆಂದು ಎಲ್ಲರಿಗೂ ಕಾಣುವಂತಿದ್ದಾಗ ಜನ ತೂಗಿನೋಡಬಲ್ಲರು.

ಸ್ವತಂತ್ರ ಭಾರತದಲ್ಲಿ ಈ ವಿಚಾರ ಮೊದಲು ತಲೆಯೆತ್ತಿದ್ದು ೧೯೫೧ರಲ್ಲಿ. ಆಗಿನ್ನೂ ಮೊದಲ ಮಹಾಚುನಾವಣೆ ಮುಗಿದಿರಲಿಲ್ಲ. ತಾತ್ಕಾಲಿಕ ಪಾರ್ಲಿಮೆಂಟು ನಡೆಯುತ್ತಿತ್ತು. ಅದರ ಸದಸ್ಯರಾದ ಎಚ್. ಜಿ. ಮುದ್ಗಲ್ ಎಂಬವರು ಬೊಂಬಾಯಿಯ ಚಿನಿವಾರರ ಸಂಘದಿಂದ ಹಣ ಪಡೆದು, ಅದಕ್ಕೆ ಪ್ರತಿಯಾಗಿ ಸಭೆಯಲ್ಲಿ ಪ್ರಶ್ನೆಗಳನ್ನು ಕೇಳುವುದಕ್ಕೂ ಮುಂಗಡ ವ್ಯಾಪಾರವನ್ನು ಕುರಿತ ಮಸೂದೆಗೆ ತಿದ್ದುಪಡಿಗಳನ್ನು ಸೂಚಿಸುವುದಕ್ಕೂ ಒಪ್ಪಿಕೊಂಡರೆಂಬ ಆಪಾದನೆ ಬಂದಿತು. ಜವಾಹರಲಾಲ ನೆಹರೂರವರು ತಾವೇ ಸೂಚನೆ ತಂದು, ಟಿ. ಟಿ. ಕೃಷ್ಣಮಾಚಾರಿಯವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ಜೂನ್ ತಿಂಗಳಲ್ಲಿ ನೇಮಿಸಿದರು. ಮುದ್ಗಲರು ತಮ್ಮದೇ ಪಕ್ಷದವರೆಂಬುದು ನೆಹರೂರವರಿಗೆ ಅಡ್ಡಿಯಾಗಲಿಲ್ಲ. ಸಮಿತಿಯು ಆಪಾದನೆ ನಿಜವೆಂದು ಕಂಡಿತು. ಸೆಪ್ಟೆಂಬರಿನಲ್ಲಿ ಸಭೆಯ ತೀರ್ಮಾನಕ್ಕೆ ಮುಂಚೆಯೇ ಮುದ್ಗಲರು ರಾಜೀನಾಮೆಯಿತ್ತರು. ಅವರು ಉಚ್ಚಾಟನೆಗೆ ಅರ್ಹರಾಗಿದ್ದರೆಂದೂ, ರಾಜೀನಾಮೆಯ ಪತ್ರದ ಒಕ್ಕಣೆಯು ಅಪರಾಧವನ್ನು ಇನ್ನಷ್ಟು ಹೆಚ್ಚಿಸಿತೆಂದೂ ಸಭೆಯು ನಿರ್ಣಯವನ್ನು ಬರೆದಿಟ್ಟಿತು. ಹಣದ ಮೊತ್ತವು ಕೆಲವು ಸಾವಿರ ರೂಪಾಯಿ ಮಾತ್ರ. ಇಲ್ಲಿ ಗಮನಿಸತಕ್ಕದ್ದೆಂದರೆ, ಪಟ್ಟಿಯೂ ಇರಲಿಲ್ಲ, ಪ್ರಮಾಣಪತ್ರವೂ ಇರಲಿಲ್ಲ, ಪರೀಕ್ಷೆ ನಡೆಯಿತು. ಸದಸ್ಯನ ಒಂದೊಂದು ಪ್ರಶ್ನೆಯನ್ನೂ ಒಂದೊಂದು ತಿದ್ದುಪಡಿಯನ್ನೂ ಸಮಿತಿಯು ಮುಂದಿಟ್ಟುಕೊಂಡು ಅವನಿಗೆ ಬಂದ ಹಣದೊಡನೆ ತಾಳೆನೋಡಿತು.

ಅದೇ ವರ್ಷದ ಜನಪ್ರತಿನಿಧ್ಯ ಕಾಯಿದೆಯ ೭ನೆಯ ಕಲಮು ಇಂಗ್ಲೆಂಡಿನ ೧೭೮೨ರ ಸೂತ್ರವನ್ನು ವಿಶಾಲವಾಗಿಯೇ ಅಂಗೀಕರಿಸಿತ್ತು. ಸರಕಾರಕ್ಕೆ ಸರಕು ಒದಗಿಸುವ, ಕಾಮಗಾರಿ ನಡೆಸುವ, ಸೇವೆ ಸಲ್ಲಿಸುವ ಗುತ್ತಿಗೆಯಲ್ಲಿ ತಾನಾಗಲಿ, ತನ್ನ ಪರವಾಗಿ ಬೇರೆಯವರಾಗಲಿ ಪಾಲು ಹೊಂದಿದ್ದರೆ ಅಂತಹವನು ಅನರ್ಹನು. ಬೇನಾಮಿಯ ಬಾಗಿಲನ್ನೂ ಮುಚ್ಚಿದ ಮಾತು ಇದು. ಈ ಕಲಮಿನ ಬಿಗಿ ಎಷ್ಟೆಂಬುದು ೧೯೫೪ರಲ್ಲಿ ತಿಳಿಯಿತು. ಚತುರ್ಭುಜ ವಿಠ್ಠಲದಾಸ ಜಸಾನಿ ಎಂಬವರು ಬೀಡಿ ತಯಾರಿಸುವ ಸಂಸ್ಥೆಯೊಂದರ ಪಾಲುದಾರರು. ಆ ಸಂಸ್ಥೆಯು ಸೈನಿಕರ ಉಪಯೋಗಕ್ಕಾಗಿ ಸರಕಾರದ ಕ್ಯಾಂಟೀನುಗಳಿಗೆ ಬೀಡಿ ಒದಗಿಸುತ್ತಿತ್ತು. ಗುತ್ತಿಗೆಯು ರಾಜ್ಯಾಂಗ ವಿಧಿಸಿದ ರೂಪದಲ್ಲಿ ಬರೆದುದಲ್ಲ, ಆದ್ದರಿಂದ ಗುತ್ತಿಗೆಯೇ ಇಲ್ಲವೆಂದು ವಾದಿಸಿದರು. ಸರಕನ್ನು ಆಗಲೇ ಒಪ್ಪಿಸಿಯಾಗಿದೆ, ಇನ್ನು ಸರಕಾರ ಹಣ ಕೊಡುವುದಷ್ಟೇ ಬಾಕಿ, ಆದ್ದರಿಂದ ನಮ್ಮ ಕಡೆಯಿಂದ ಗುತ್ತಿಗೆ ತೀರಿತೆಂದೂ ವಾದಿಸಿದರು. ಸರ್ವೋಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸರು ಎರಡನ್ನೂ ಒಪ್ಪಲಿಲ್ಲ. ಹಣ ಬರುವವರೆಗೂ ಸ್ವಾರ್ಥವಿದ್ದೇ ಇದೆ. ಸ್ವಾರ್ಥಕ್ಕೂ ಕರ್ತವ್ಯಕ್ಕೂ ತಿಕ್ಕಾಟವುಂಟಾಗದಂತೆ ನೋಡಿಕೊಳ್ಳುವುದೇ ಕಲಮಿನ ಉದ್ದೇಶವೆಂದು ಅವರ ಅಭಿಪ್ರಾಯ. ಬೀಡಿಯ ಕಟ್ಟುಗಳಿಗಾಗಿ ಲೋಕಸಭೆಯ ಸ್ಥಾನವೊಂದು ಹೋಯಿತು.

ಇದಾದ ಮೇಲೆ ಶಾಸನಕರ್ತರು ಏನು ಮಾಡಿದರು? ೧೯೫೮ರಲ್ಲಿ ಕಲಮನ್ನು ಬದಲಾಯಿಸಿ, ಸದಸ್ಯನು ತನ್ನ ವ್ಯಾಪಾರ ವ್ಯವಹಾರದ ಸಂಬಂಧದಲ್ಲಿ ತಾನೇ ಮಾಡಿಕೊಂಡ ಗುತ್ತಿಗೆಯೆಂದು ಅರ್ಥವನ್ನು ಕಿರಿದುಮಾಡಿದರು. ಸೇವೆಯೆಂಬ ಪದ ಹೋಯಿತು. ಅವನ ಪರವಾಗಿ ಪಾಲು ಹೊಂದಿದವರ ಪ್ರಸ್ತಾಪವೂ ಹೋಯಿತು. ೧೯೬೬ರಲ್ಲಿ ಅದು ೯ಎ ಎಂಬ ಕಲಮಾದಾಗ ವಿವರಣೆಯೊಂದು ಸೇರಿತು: ಸದಸ್ಯನು ತನ್ನ ಭಾಗದ ಕೆಲಸವನ್ನು ಪೂರೈಸಿದ್ದರೆ, ಸರಕಾರವು ಹಣ ಕೊಡುವುದು ಬಾಕಿಯಿದ್ದ ಮಾತ್ರಕ್ಕೆ ಗುತ್ತಿಗೆ ಉಳಿದಿದೆಯೆಂದು ಭಾವಿಸತಕ್ಕದ್ದಲ್ಲ. ಬೋಸರು ಮುಚ್ಚಿದ ಕಿಟಕಿಯನ್ನು ಹೀಗೆ ಮೆಲ್ಲಗೆ ತೆರೆದಂತಾಯಿತು.

ಕಿರಿದಾದ ಮೇಲೂ ಕಲಮಿಗೆ ಹಲ್ಲು ಉಳಿದಿತ್ತೆಂಬುದಕ್ಕೆ ನಮ್ಮ ನಾಡಿನದೇ ದೃಷ್ಟಾಂತವಿದೆ. ೧೯೬೭ರ ಚುನಾವಣೆಯಲ್ಲಿ ಯಾದಗಿರಿ ಕ್ಷೇತ್ರದಿಂದ ಮೈಸೂರು ವಿಧಾನಸಭೆಗೆ ವಿಶ್ವನಾಥರೆಡ್ಡಿ ಎಂಬವರು ಆರಿಸಿಬಂದರು. ಸರಕಾರದ ಕಾಮಗಾರಿಯ ಗುತ್ತಿಗೆ ಅವರ ಹೆಸರಿನಲ್ಲಿ ಇನ್ನೂ ತೀರದೆ ಇದೆಯೆಂದು ಸೋತ ಅಭ್ಯರ್ಥಿಯಾದ ಕೋನಪ್ಪ ರುದ್ರಪ್ಪ ನಾಡಗೌಡರು ತಕರಾರು ಹೂಡಿದರು. ಮೈಸೂರು ಹೈಕೋರ್ಟು ಒಪ್ಪದಿದ್ದುದನ್ನು ಸರ್ವೋಚ್ಚ ನ್ಯಾಯಾಲಯ ಒಪ್ಪಿತು. ಕಣದಲ್ಲಿದ್ದವರು ಇಬ್ಬರೇ ಆದುದರಿಂದ, ಅನರ್ಹನಿಗೆ ಬಿದ್ದ ಮತಗಳು ವ್ಯರ್ಥವಾದುವೆಂದು ಭಾವಿಸಿ, ನಾಡಗೌಡರೇ ಚುನಾಯಿತರೆಂದು ಸಾರಲಾಯಿತು. ಇಲ್ಲಿಯೂ ಸ್ವಾರ್ಥವನ್ನು ಪತ್ತೆಹಚ್ಚಿದ್ದು ಸರಕಾರದ ಯಾವ ಕಚೇರಿಯೂ ಅಲ್ಲ, ಚುನಾವಣೆಯಲ್ಲಿ ಸೋತ ಎದುರಾಳಿ. ನಮ್ಮ ಪದ್ಧತಿಯ ದೌರ್ಬಲ್ಯವೆಲ್ಲ ಈ ಒಂದು ಸಂಗತಿಯಲ್ಲಿದೆ. ಎದುರಾಳಿಗೆ ಹಟವಿಲ್ಲದಿದ್ದರೆ, ಅಥವಾ ಅವನಿಗೂ ಅಂತಹುದೇ ಗುತ್ತಿಗೆಯಿದ್ದರೆ, ಕೇಳುವವರಾರು?

ರಸ್ತೆ ಸೇತುವೆಗಳ ಗುತ್ತಿಗೆದಾರನು ಅನರ್ಹನಾದರೆ ಗಣಿಯ ಗುತ್ತಿಗೆದಾರನ ಗತಿಯೇನು? ಕನ್ನಡದಲ್ಲಿ ಎರಡಕ್ಕೂ ಗುತ್ತಿಗೆಯೆಂದೇ ಹೆಸರು, ನ್ಯಾಯಶಾಸ್ತ್ರದಲ್ಲಿ ಭೇದವಿದೆ. ಹರಿಯಾಣದ ಶಾಸಕರಾದ ಕರ್ತಾರಸಿಂಗ್ ಭಡಾನಾರವರ ಪ್ರಕರಣದಲ್ಲಿ, ೨೦೦೧ರಲ್ಲಿ, ಸರ್ವೋಚ್ಚ ನ್ಯಾಯಾಲಯವು ಗಣಿಗಾರಿಕೆಯ ಭೋಗ್ಯಪತ್ರವು ಸರಕಾರವು ಕೈಗೊಂಡ ಕಾಮಗಾರಿಯನ್ನು ನಡೆಸುವ ಗುತ್ತಿಗೆಯಲ್ಲವೆಂದು ತೀರ್ಮಾನಿಸಿತು. ಕಲಮಿನ ಅಕ್ಷರಗಳನ್ನು ನೋಡಿದರೆ ಈ ಅರ್ಥ ತಪ್ಪಲ್ಲ. ಆದರೆ ಫಲವೇನಾಯಿತು? ಹತ್ತು ಸಾವಿರ ರೂಪಾಯಿಯ ಮೋರಿ ಕಟ್ಟುವವನು ಶಾಸಕನಾಗಕೂಡದು. ಬೆಟ್ಟವನ್ನೇ ಅಗೆದು ಕೊಂಡೊಯ್ಯಲು ಸರಕಾರದಿಂದ ಹಕ್ಕು ಪಡೆದವನು ಆಗಬಹುದು, ಮಂತ್ರಿಯೂ ಆಗಬಹುದು.

ಬಳ್ಳಾರಿಯ ಪ್ರಕರಣವನ್ನು ಈ ಬೆಳಕಿನಲ್ಲಿ ನೋಡಬೇಕು. ೨೦೦೮ರಲ್ಲಿ ರಚಿತವಾದ ಮಂತ್ರಿಮಂಡಲದಲ್ಲಿ ಕಬ್ಬಿಣದ ಅದಿರಿನ ಉದ್ಯಮದೊಡನೆ ನೇರವಾದ ಸಂಬಂಧವುಳ್ಳವರು ಸಚಿವರಾಗಿದ್ದರು. ಅದು ಗುಟ್ಟಿನ ಸಂಗತಿಯಲ್ಲ; ಬೀದಿಯ ಮಕ್ಕಳಿಗೂ ಗೊತ್ತಿತ್ತು. ಮಂತ್ರಿಗಳು ತಮ್ಮ ಆಸ್ತಿಯನ್ನೂ ವ್ಯವಹಾರಗಳನ್ನೂ ಮುಖ್ಯಮಂತ್ರಿಗೆ ತಿಳಿಸಿ, ವ್ಯಾಪಾರದ ಆಡಳಿತದಿಂದ ದೂರ ಸರಿಯಬೇಕೆಂಬ ನೀತಿಸಂಹಿತೆ ೧೯೬೪ರಷ್ಟು ಹಿಂದೆಯೇ, ಸಂತಾನಂ ಸಮಿತಿಯು ವರದಿಯಿತ್ತ ವರ್ಷದಲ್ಲಿ, ಸಿದ್ಧವಾಗಿತ್ತು. ಅದು ಕಾಯಿದೆಯಲ್ಲ, ಸಂಹಿತೆ. ಅದರ ನ್ಯಾಯಾಧೀಶನು ಮುಖ್ಯಮಂತ್ರಿ. ಬಹುಮತವು ಯಾರ ಬೆಂಬಲದಿಂದ ನಿಂತಿದೆಯೋ ಅವರನ್ನು ಮುಖ್ಯಮಂತ್ರಿಯು ಪರೀಕ್ಷಿಸಬೇಕೆಂದರೆ ಅದು ಆಗುವ ಮಾತೆ?

ಅಕ್ರಮ ಗಣಿಗಾರಿಕೆಯ ತನಿಖೆಯನ್ನು ಸರಕಾರವು ೨೦೦೭ರಲ್ಲಿ ಲೋಕಾಯುಕ್ತರಿಗೆ ಒಪ್ಪಿಸಿತ್ತು. ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು ೨೦೦೮ರ ಡಿಸೆಂಬರಿನಲ್ಲಿ ಒಂದು ವರದಿಯನ್ನೂ ೨೦೧೧ನೆಯ ಜುಲೈ ೨೭ರಂದು ಇನ್ನೊಂದನ್ನೂ ಒಪ್ಪಿಸಿದರು. ಎರಡನೆಯ ವರದಿಯಲ್ಲಿ, ಅಂದಿನ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರ ಮಕ್ಕಳು ಮತ್ತು ಅಳಿಯನಿಗೆ ಸಂಬಂಧಪಟ್ಟ ಭೂಮಿಯ ಮಾರಾಟ, ಅವರು ನಡೆಸುವ ವಿಶ್ವಸ್ತ ನಿಧಿಗೆ ಗಣಿಯ ಕಂಪೆನಿಯೊಂದು ಕೊಟ್ಟ ದೇಣಿಗೆ, ಇವು ಪ್ರಸ್ತಾಪಗೊಂಡುವು. ಅದೇ ತಿಂಗಳ ೩೧ರಂದು ಮುಖ್ಯಮಂತ್ರಿಗಳು ರಾಜೀನಾಮೆಯಿತ್ತರು. ೨೦೧೬ರ ಅಕ್ಟೋಬರಿನಲ್ಲಿ ಸಿ.ಬಿ.ಐ. ವಿಶೇಷ ನ್ಯಾಯಾಲಯವು ಆ ಪ್ರಕರಣದಲ್ಲಿ ಅವರನ್ನೂ ಉಳಿದವರನ್ನೂ ದೋಷಮುಕ್ತರೆಂದು ಬಿಡುಗಡೆಮಾಡಿತು. ಆ ತೀರ್ಪನ್ನು ಮನ್ನಿಸತಕ್ಕದ್ದೇ. ನಾನು ಇಲ್ಲಿ ಎತ್ತುವ ಮಾತು ಯಾರ ಅಪರಾಧದ್ದೂ ಅಲ್ಲ. ಅಪರಾಧವೆಂಬುದು ಕೊನೆಯ ಮೆಟ್ಟಲು. ಅದಕ್ಕೆ ಬಹಳ ಮುಂಚೆಯೇ, ಮುಖ್ಯಮಂತ್ರಿಯ ಮನೆತನಕ್ಕೂ ಗಣಿಯ ಕಂಪೆನಿಗೂ ಹಣದ ವ್ಯವಹಾರವಾದಾಗ ಅದನ್ನು ಎಲ್ಲಿ ಬರೆಯಿಸಬೇಕು, ಯಾರು ನೋಡಬೇಕು, ಗಣಿಯ ಕಡತವು ಮುಂದೆ ಬಂದಾಗ ಯಾರು ಹಿಂದೆ ಸರಿಯಬೇಕೆಂಬ ಕ್ರಮವೊಂದು ಇರಬೇಕಾಗಿತ್ತು. ಕ್ರಮವಿದ್ದಿದ್ದರೆ ನಿರಪರಾಧಿಗಳಿಗೂ ಐದು ವರ್ಷಗಳ ಅಪವಾದ ತಪ್ಪುತ್ತಿತ್ತು. ಅಷ್ಟುಹೊತ್ತಿಗೆ ಬಳ್ಳಾರಿಯ ಬೆಟ್ಟಗಳ ರೂಪವೇ ಮಾರ್ಪಟ್ಟಿತ್ತು. ೨೦೧೧ನೆಯ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವೇ ಆ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಬೇಕಾಯಿತು.

ಈ ನಡುವೆ ಪಟ್ಟಿಯ ಪದ್ಧತಿ ಬೇರೊಂದು ಮಾರ್ಗವಾಗಿ ಬಲಗೊಂಡಿತು. ಅಹಮದಾಬಾದಿನ ಕೆಲವು ಪ್ರಾಧ್ಯಾಪಕರು ಕೂಡಿ ಸ್ಥಾಪಿಸಿದ ಪ್ರಜಾಪ್ರಭುತ್ವ ಸುಧಾರಣಾ ಸಂಘವು ೧೯೯೯ರಲ್ಲಿ ದೆಹಲಿ ಹೈಕೋರ್ಟಿಗೆ ಹೋಯಿತು. ಅಭ್ಯರ್ಥಿಗಳ ಆಸ್ತಿ, ಋಣ, ವಿದ್ಯೆ, ಅಪರಾಧಗಳ ವಿವರ ಮತದಾರನಿಗೆ ತಿಳಿಯಬೇಕೆಂಬುದು ಅವರ ಪ್ರಾರ್ಥನೆ. ೨೦೦೨ನೆಯ ಮೇ ೨ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಕೂಡಲೆ ಎಲ್ಲ ಪಕ್ಷಗಳಿಗೂ ಅಪೂರ್ವವಾದ ಐಕಮತ್ಯವುಂಟಾಯಿತು! ತೀರ್ಪನ್ನು ನಿಷ್ಫಲಗೊಳಿಸುವ ಆಜ್ಞೆಯೊಂದನ್ನು ಸಿದ್ಧಪಡಿಸಿದರು. ರಾಷ್ಟ್ರಪತಿ ಅಬ್ದುಲ್ ಕಲಾಮರು ಒಮ್ಮೆ ಹಿಂದಕ್ಕೆ ಕಳುಹಿಸಿದರು. ಮಂತ್ರಿಮಂಡಲವು ಮತ್ತೆ ಕಳುಹಿಸಿದಾಗ ಆಗಸ್ಟ್ ೨೪ರಂದು ರುಜುಹಾಕಲೇಬೇಕಾಯಿತು. ೨೦೦೩ನೆಯ ಮಾರ್ಚ್ ೧೩ರಂದು ನ್ಯಾಯಾಲಯವು ಆ ವಿಧಿಯನ್ನು ರದ್ದುಪಡಿಸಿತು. ಅಂದಿನಿಂದ ಶಾಸನಸಭೆಗೆ ನಿಲ್ಲುವ ಪ್ರತಿಯೊಬ್ಬ ಅಭ್ಯರ್ಥಿಯ ಪ್ರಮಾಣಪತ್ರವೂ ಜನರ ಕಣ್ಣಿಗೆ ಬೀಳುತ್ತಿದೆ. ನಮ್ಮ ಪತ್ರಿಕೆಗಳು ಅದನ್ನು ಓದುವ ರೀತಿ ಮಾತ್ರ ವಿಚಿತ್ರ. ಯಾರು ಎಷ್ಟು ಕೋಟಿಯ ಒಡೆಯ, ಯಾರ ಹೆಂಡತಿಗೆ ಎಷ್ಟು ಚಿನ್ನ, ಯಾರಿಗೆ ಸ್ವಂತ ಕಾರಿಲ್ಲ ಎಂಬುದೇ ಸುದ್ದಿ. ಶ್ರೀಮಂತನಾಗಿರುವುದು ದೋಷವೂ ಅಲ್ಲ, ಬಡವನಾಗಿರುವುದು ಶುದ್ಧತೆಯ ಗುರುತೂ ಅಲ್ಲ.

೨೦೧೮ನೆಯ ಫೆಬ್ರವರಿ ೧೬ರಂದು ಲೋಕಪ್ರಹರಿ ಎಂಬ ಸಂಸ್ಥೆಯ ಮೊಕದ್ದಮೆಯಲ್ಲಿ ಬಂದ ತೀರ್ಪು ಹೆಚ್ಚು ಸೂಕ್ಷ್ಮವಾದುದು. ನ್ಯಾಯಮೂರ್ತಿ ಚೆಲಮೇಶ್ವರರೂ ನಮ್ಮ ದಕ್ಷಿಣಕನ್ನಡದವರಾದ ನ್ಯಾಯಮೂರ್ತಿ ಅಬ್ದುಲ್ ನಜೀರರೂ ಇದ್ದ ಪೀಠವು ಆಸ್ತಿಯ ಮೊತ್ತವಷ್ಟೇ ಸಾಲದು, ಆದಾಯದ ಮೂಲವನ್ನೂ ಹೇಳಬೇಕು, ಸರಕಾರದೊಡನೆ ಅಭ್ಯರ್ಥಿಗೂ ಮನೆಯವರಿಗೂ ಇರುವ ಗುತ್ತಿಗೆಗಳನ್ನೂ ಹೇಳಬೇಕು ಎಂದಿತು. ಅದಕ್ಕಿಂತ ಮುಖ್ಯವಾಗಿ, ಶಾಸಕರ ಆಸ್ತಿಯು ಅಧಿಕಾರಾವಧಿಯಲ್ಲಿ ಆದಾಯವನ್ನು ಮೀರಿ ಬೆಳೆಯುತ್ತದೆಯೆ ಎಂದು ನೋಡುತ್ತಿರುವ ಶಾಶ್ವತವಾದ ಏರ್ಪಾಡೊಂದು ಬೇಕೆಂದು ಹೇಳಿತು. ಪಟ್ಟಿಯ ಚರಿತ್ರೆಯಲ್ಲಿ ಪರೀಕ್ಷಕನ ಹೆಸರು ಬಂದದ್ದು ಇಲ್ಲಿ. ೨೦೨೪ರ ಏಪ್ರಿಲ್ ತಿಂಗಳಲ್ಲಿ ಅರುಣಾಚಲದ ಶಾಸಕರೊಬ್ಬರ ಪ್ರಕರಣದಲ್ಲಿ, ಅಭ್ಯರ್ಥಿಯು ತನ್ನಲ್ಲಿರುವ ಒಂದೊಂದು ಚರವಸ್ತುವನ್ನೂ ಬರೆಯಬೇಕಾಗಿಲ್ಲ, ಗಣನೀಯವಾದುದನ್ನು ಬರೆದರೆ ಸಾಕೆಂದು ಅದೇ ನ್ಯಾಯಾಲಯ ಹೇಳಿದೆ. ಅದನ್ನು ಹಿನ್ನಡೆಯೆಂದು ಕೆಲವರು ಆಕ್ಷೇಪಿಸಿದರು. ನನಗೆ ಹಾಗೆ ತೋರುವುದಿಲ್ಲ. ಕೈಗಡಿಯಾರಗಳ ಲೆಕ್ಕದಿಂದ ಸ್ವಾರ್ಥವು ಗೊತ್ತಾಗದು.

ಹಾಗಾದರೆ ಏನನ್ನು ಬರೆಯಿಸಬೇಕು? ಇದಕ್ಕೆ ಮಾದರಿ ದೂರದಲ್ಲಿಲ್ಲ. ರಾಜ್ಯಸಭೆಯ ನೀತಿಸಮಿತಿಯು ೧೯೯೭ರಲ್ಲಿ ಏರ್ಪಟ್ಟು, ಅದರ ಫಲವಾಗಿ ಸದಸ್ಯರ ಹಿತಾಸಕ್ತಿಗಳ ದಾಖಲೆಪುಸ್ತಕವೊಂದು ಬಂದಿತು. ಅದರಲ್ಲಿ ಐದು ಅಂಕಣಗಳು: ಸಂಭಾವನೆಯುಳ್ಳ ಡೈರೆಕ್ಟರ್ ಪದವಿ, ಸಂಬಳ ತರುವ ಬೇರೆ ಕೆಲಸ, ಕಂಪೆನಿಯನ್ನು ಹಿಡಿತದಲ್ಲಿಡುವಷ್ಟು ಷೇರು, ಹಣಪಡೆದು ಕೊಡುವ ಸಲಹೆ, ವೃತ್ತಿಯ ಒಪ್ಪಂದ. ಬಂಗಾರದ ತೊಲಗಳ ಲೆಕ್ಕ ಇಲ್ಲಿ ಇಲ್ಲ. ದುಡ್ಡು ಎಲ್ಲಿಂದ ಎಳೆಯುತ್ತದೆಯೆಂಬುದರ ಲೆಕ್ಕವಿದೆ. ಇನ್ನೊಂದು ನಿಯಮದಂತೆ ತನಗೆ ಪ್ರತ್ಯೇಕ ಲಾಭವಿರುವ ವಿಷಯವು ಚರ್ಚೆಗೆ ಬಂದಾಗ ಸದಸ್ಯನು ಮೊದಲು ಅದನ್ನು ಹೇಳಿಕೊಂಡ ಹೊರತು ಮಾತನಾಡತಕ್ಕದ್ದಲ್ಲ. ಇಂಗ್ಲೆಂಡಿನ ಕಾಮನ್ಸ್ ಸಭೆಯು ಇಂತಹ ದಾಖಲೆಪುಸ್ತಕವನ್ನು ನಿರ್ಣಯಿಸಿದ್ದು ೧೯೭೪ರಲ್ಲಿ. ಆಬಟ್ಟರ ತೀರ್ಮಾನವಾಗಿ ೧೬೩ ವರ್ಷಗಳ ಮೇಲೆ.

ನಮ್ಮ ರಾಜ್ಯದಲ್ಲಿ ಬೇಕಾದ ಕಾಗದಗಳೆಲ್ಲ ಇವೆ. ಐದು ವರ್ಷಕ್ಕೊಮ್ಮೆ ಬರೆದ ಪ್ರಮಾಣಪತ್ರ ಚುನಾವಣೆಯ ಅಧಿಕಾರಿಗಳಲ್ಲಿದೆ. ವರ್ಷಕ್ಕೊಮ್ಮೆ ಬರೆದ ಪಟ್ಟಿ ಲೋಕಾಯುಕ್ತರಲ್ಲಿದೆ. ಯಾರು ಯಾವ ಪ್ರಶ್ನೆ ಕೇಳಿದರು, ಯಾವ ಸಮಿತಿಯಲ್ಲಿ ಕುಳಿತರು ಎಂಬುದು ವಿಧಾನಸೌಧದ ನಡವಳಿಕೆಗಳ ಸಂಪುಟಗಳಲ್ಲಿ ಅಚ್ಚಾಗಿದೆ. ಮೂರನ್ನೂ ಒಂದು ಮೇಜಿನ ಮೇಲಿಡುವ ಕೆಲಸವನ್ನು ೨೨ನೆಯ ಕಲಮು ಯಾರಿಗೂ ವಹಿಸಿಲ್ಲ. ಲೋಕಾಯುಕ್ತ ಕಾಯಿದೆಯಲ್ಲಿ ಆಪಾದನೆಯೆಂಬ ಪದದ ಅರ್ಥವಿವರಣೆಯಲ್ಲಿ, ಸ್ವಾರ್ಥದಿಂದ ಪ್ರೇರಿತನಾಗಿ ಅಧಿಕಾರ ನಡೆಸುವುದೂ ಸೇರಿದೆ. ಅದು ಒಳ್ಳೆಯ ಮಾತೇ. ಆದರೆ ಸಾಮಾನ್ಯವಾಗಿ ದೂರು ಹೊತ್ತು ಒಬ್ಬನು ಬಾಗಿಲಿಗೆ ಬರಬೇಕು, ಅಥವಾ ಸರಕಾರವೇ ಒಪ್ಪಿಸಬೇಕು. ಯಾದಗಿರಿಯ ನಾಡಗೌಡರಂತೆ ಕೊನೆಯವರೆಗೂ ಹೋರಾಡುವವರು ಎಷ್ಟು ಮಂದಿ?

ಒಂದು ವೇಳೆ ಲೋಕಾಯುಕ್ತರ ಕಚೇರಿಯಲ್ಲಿ ಈ ತಾಳೆನೋಡುವ ಕೆಲಸಕ್ಕೆಂದೇ ನಾಲ್ಕಾರು ಜನರನ್ನು ನೇಮಿಸಿದರೂ ಮೊದಲು ಅವರಿಗೆ ಎದುರಾಗುವ ತೊಡಕು ಕುಟುಂಬವೆಂಬ ಪದದ್ದು. ಅವಲಂಬಿಗಳಾದ ಮಕ್ಕಳೆಂದು ಕಲಮು ಹೇಳುತ್ತದೆ. ಸ್ವಂತ ದುಡಿಮೆಯುಳ್ಳ ಮಗನು ಅವಲಂಬಿಯಲ್ಲ. ಬೇರೆ ಮನೆ ಮಾಡಿದ ತಮ್ಮನ ಮಾತೇ ಅಲ್ಲಿಲ್ಲ. ಹೆಂಡತಿಯ ಸೋದರನಿಗೂ ಅಳಿಯನಿಗೂ ಉತ್ತರಮೇರೂರಿನವರು ಗೋಡೆಯ ಮೇಲೆ ಜಾಗಕೊಟ್ಟಿದ್ದರು. ೧೯೮೪ರ ಕಾಯಿದೆ ಬರೆದವರು ಕೊಡಲಿಲ್ಲ.